ರೇವತಿ ಸಿಂಗಪುರ ಬಿಡುವ ಮೊದಲು ಹಿಮ ನೋಡಿದ್ದು

ಶುಕ್ರವಾರ ಬೆಳಗಿನ ಜಾವ ನಾನು ಸೂಟ್‌ಕೇಸ್ ಎಳೆದುಕೊಂಡು ಲಿಫ್ಟಿನಿಂದ ಕೆಳಗಿಳಿದಾಗ ರೇವತಿ ಆಗಲೇ ಬ್ಲಾಕಿನ ನೆಲಮಟ್ಟದ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್‌ನ ಕಲ್ಲುಬೆಂಚಿನ ಮೇಲೆ ಕೂತು ಟ್ಯಾಕ್ಸಿ ಕಾಯುತ್ತಿದ್ದಳು. ಆ ಸೆಕೆಯಲ್ಲೂ ತಲೆಗೆ ಉಣ್ಣೆಯ ಟೋಪಿ. ಬ್ಯಾಗಿನಲ್ಲಿ ಜಾಗ ಉಳಿಯಲಿಲ್ಲ ಅಂದಳು. ಚಪಾತಿ, ಚಟ್ನಿಪುಡಿ, ಎರಡು ಡಬ್ಬಿ ಅವಲಕ್ಕಿ ಒಳಗೆ ಹೋಗಿದ್ದರಿಂದ ಟೋಪಿ ಹೊರಗೆ ಉಳಿದಿತ್ತು.

ಸಿಂಗಪುರದ ಬೂನ್ ಲೇಯ ಒಂದೇ ಬ್ಲಾಕಿನಲ್ಲಿ ನಾವು ಹನ್ನೊಂದು ವರ್ಷ ಕಳೆದಿದ್ದೆವು. ಅವಳು ಕಾಪುವಿನವಳು, ಪಾಸಿರ್ ಪಂಜಾಂಗ್‌ನಲ್ಲಿ ಹಡಗು ಕಂಪನಿಯೊಂದರ ಆಫೀಸಿಗೆ ಹೋಗುತ್ತಿದ್ದಳು. ನಾನು ಮೈಸೂರಿನವಳು, ಪಾಯಾ ಲೆಬಾರ್‌ನಲ್ಲಿ ಬ್ಯಾಂಕಿನ ಕೆಲಸ. ಒಮ್ಮೆ ಹಿಮದ ಬೆಟ್ಟಕ್ಕೆ ಹೋಗಿ ಸ್ಕೀ ಕಲಿಯಬೇಕೆಂದು ಪರಿಚಯವಾದ ಮೊದಲ ವರ್ಷವೇ ಮಾತಾಡಿಕೊಂಡಿದ್ದೆವು. ವರ್ಷವಿಡೀ ಒಂದೇ ಹವೆಯಿರುವ ಊರಿನಲ್ಲಿ ಚಳಿಗೂ ಮನುಷ್ಯ ಹಂಬಲಿಸುತ್ತಾನೆ. ಒಂದು ವರ್ಷ ನನ್ನ ಅತ್ತೆ ಬಂದರು, ಆಮೇಲೆ ಕೋವಿಡ್, ಅದು ಮುಗಿದ ಮೇಲೆ ಅವಳ ಮಗಳ ಪರೀಕ್ಷೆ ಬಂತು. ಈಗ ಅವಳ ಗಂಡನಿಗೆ ರಾಟರ್‌ಡ್ಯಾಮ್‌ಗೆ ವರ್ಗವಾಗಿತ್ತು. ಇನ್ನು ಹದಿನೈದು ದಿನಕ್ಕೆ ಮನೆಮಂದಿಯೆಲ್ಲ ಹೊರಟುಬಿಡುತ್ತಿದ್ದರು. ಸುದ್ದಿ ತಿಳಿಸಿದ ದಿನ ನಾನು ಕಂಗ್ರಾಟ್ಸ್ ಅಂದಿದ್ದೆ. ಎರಡು ತಿಂಗಳಾದರೂ ಅದಕ್ಕೆ ಇನ್ನೊಂದು ಮಾತು ಸೇರಿಸಿರಲಿಲ್ಲ. ಅವಳು ಅಲ್ಲಿನ ಶಾಲೆ, ಕಾಲುವೆ, ಸೈಕಲ್ಲು ಅಂತ ಹೇಳುತ್ತಿದ್ದಳು. ಖುಷಿಯಲ್ಲಿದ್ದಾಳೆ ಅಂದುಕೊಂಡು ಸುಮ್ಮನಿದ್ದೆ.

ಅವಳು ಹೋಗುವ ಮೊದಲು ಆ ಹಳೆಯ ಆಸೆ ತೀರಲೆಂದು ಮೂರು ದಿನದ ಮಟ್ಟಿಗೆ ಹೊರಟಿದ್ದೆವು. ಕೊರಿಯಾಕ್ಕೆ ಆರೂವರೆ ಗಂಟೆಯ ವಿಮಾನ ಪ್ರಯಾಣ. ಅಲ್ಲಿಂದ ಪೂರ್ವದ ಬೆಟ್ಟಗಳಿಗೆ ಮೂರು ಗಂಟೆ ಬಸ್ಸು, ತಲೆಗೆ ಸುಮಾರು ನಲವತ್ತು ಡಾಲರ್. ಮೊದಲ ಒಂದು ಗಂಟೆ ಕಿಟಕಿಯಾಚೆ ಬರೀ ಅಪಾರ್ಟ್‌ಮೆಂಟುಗಳು. ಆಮೇಲೆ ಒಣಗಿದ ಗದ್ದೆಗಳ ಬದುಗಳಲ್ಲಿ ಸುಣ್ಣ ಚೆಲ್ಲಿದ ಹಾಗೆ ಬಿಳಿ ಕಾಣಿಸಿತು. ಸುರಂಗವೊಂದನ್ನು ದಾಟಿದ ಮೇಲೆ ಎಲ್ಲವೂ ಬಿಳಿ. ರೇವತಿ ಮಾತು ನಿಲ್ಲಿಸಿ ಗಾಜಿಗೆ ಹಣೆ ಒತ್ತಿಕೊಂಡಳು. ಅವಳ ಉಸಿರಿನಿಂದ ಗಾಜು ಮಬ್ಬಾಗುತ್ತಿತ್ತು, ಅವಳು ಮತ್ತೆ ಮತ್ತೆ ಒರೆಸುತ್ತಿದ್ದಳು. ನಾನು ಹಿಮ ಬಿಟ್ಟು ಅವಳನ್ನೇ ನೋಡುತ್ತಿದ್ದೆ.

ಶನಿವಾರ ಬೆಳಿಗ್ಗೆ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ. ಸ್ಕೀ ಬೂಟುಗಳು ಸಿಮೆಂಟಿನಲ್ಲಿ ಅಚ್ಚು ಹಾಕಿದಂತೆ ಭಾರವಾಗಿದ್ದವು, ಅವನ್ನು ಹಾಕಿಕೊಳ್ಳುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಕಲಿಸುವ ಹುಡುಗಿಗೆ ಹತ್ತಿಪ್ಪತ್ತು ಇಂಗ್ಲಿಷ್ ಪದಗಳಷ್ಟೇ ಬರುತ್ತಿದ್ದವು. ನಿಲ್ಲಬೇಕಾದರೆ ಕಾಲಿಗೆ ಕಟ್ಟಿದ ಸ್ಕೀ ಪಟ್ಟಿಗಳ ಮುಂದಿನ ತುದಿಗಳನ್ನು ಪಿಜ್ಜಾ ತುಂಡಿನ ಹಾಗೆ ಹತ್ತಿರ ತರಬೇಕು ಎಂದು ಮಾಡಿ ತೋರಿಸಿದಳು. ನನ್ನ ಪಿಜ್ಜಾ ಪ್ರತಿ ಸಲವೂ ಬಿಚ್ಚಿಕೊಂಡು ನಾನು ಕುಂಡೆಯ ಮೇಲೆ ಕೂರುತ್ತಿದ್ದೆ. ರೇವತಿಗೆ ಮಾತ್ರ ಊಟದ ಹೊತ್ತಿಗೆ ಹಿಡಿತ ಸಿಕ್ಕಿತ್ತು.

ಮಾಂಸ, ಮೊಟ್ಟೆ ತೆಗೆಸಿದ ಅನ್ನ-ತರಕಾರಿಗೆ ಚಟ್ನಿಪುಡಿ ಕಲಸಿಕೊಂಡು ತಿಂದೆವು. ಕೈ ತೊಳೆದವಳೇ ಅವಳು, ಮೇಲಿನ ಇಳಿಜಾರಿಗೆ ಹೋಗೋಣ ಬಾ ಎಂದು ಕರೆದಳು. ಅಲ್ಲಿಗೆ ತಂತಿಗೆ ನೇತುಹಾಕಿದ ಕುರ್ಚಿಗಳಲ್ಲಿ ಕೂತು ಹೋಗಬೇಕಿತ್ತು. ನೀನು ಹೋಗು ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿ, ಬಿದ್ದುಹೋದೀತೆಂದು ತನ್ನ ಫೋನನ್ನು ನನ್ನ ಕೈಗೆ ಕೊಟ್ಟಳು. ಅವಳ ಕೆಂಪು ಜಾಕೆಟ್ಟು ಕುರ್ಚಿಯಲ್ಲಿ ತೂಗಾಡುತ್ತ ಮೇಲೇರಿ ಪೈನ್ ಮರಗಳ ಹಿಂದೆ ಮರೆಯಾಯಿತು.

ಅರ್ಧ ಗಂಟೆಯಲ್ಲಿ ಗಾಳಿ ಎದ್ದು ಹಿಮ ಬೀಳತೊಡಗಿತು. ಕುರ್ಚಿಗಳು ನಿಂತವು. ಮೇಲಿದ್ದವರು ಒಬ್ಬೊಬ್ಬರಾಗಿ ಜಾರಿ ಬಂದರು, ರೇವತಿ ಬರಲಿಲ್ಲ. ಕುರ್ಚಿಗಳನ್ನು ನಡೆಸುವ ಸಿಬ್ಬಂದಿಗೆ ಅವಳ ಫೋಟೋ ತೋರಿಸಿ ಹೇಳಿದೆ. ಕುರ್ಚಿಗಳಲ್ಲಿ ಯಾರೂ ಉಳಿದಿಲ್ಲ, ಹುಡುಕಲು ಜನ ಹೋಗಿದ್ದಾರೆ ಎಂದು ಸನ್ನೆ ಮಾಡಿದರು. ನಾಲ್ಕು ಗಂಟೆಯಾಯಿತು. ಆಗ ನನ್ನ ಜೇಬಿನಲ್ಲಿದ್ದ ಅವಳ ಫೋನು ಗುಣುಗುಟ್ಟಿತು. ಹನ್ನೆರಡು ವರ್ಷದ ಮಗಳು ಅನ್ವಿ. ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ ಎಂದು ಸುಳ್ಳು ಹೇಳಿದೆ.

"ಆಂಟಿ, ಅಮ್ಮ ಅಲ್ಲಿ ಹ್ಯಾಪಿ ಇದ್ದಾರಾ?" ಅಂದಳು, ಸಿಂಗಪುರದ ಮಕ್ಕಳಂತೆ ಮಾತಿನ ಕೊನೆಗೊಂದು 'ಲಾ' ಸೇರಿಸುತ್ತ. "ಇಲ್ಲಿ ಪ್ಯಾಕ್ ಮಾಡ್ವಾಗೆಲ್ಲ ಅಳ್ತಾರೆ ಲಾ. ನಿಮ್ಗೆ ಹೇಳ್ಬೇಡ ಅಂದಿದ್ರು."

ಫೋನಿಟ್ಟ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬೂಟು ಹೂತುಹೋಗುತ್ತಿದ್ದರೂ ಇಳಿಜಾರಿನ ಅಂಚು ಹಿಡಿದು ಮೇಲಕ್ಕೆ ನಡೆದೆ. ನೂರು ಹೆಜ್ಜೆಯಾಗಿರಬಹುದು, ಬಿಳಿಯ ನಡುವೆ ಕೆಂಪು ಕಾಣಿಸಿತು. ಸ್ಕೀಗಳನ್ನು ಹೆಗಲಿಗೆ ಹಾಕಿಕೊಂಡು ರೇವತಿ ನಡೆದೇ ಇಳಿದು ಬರುತ್ತಿದ್ದಳು, ಅವಳ ಹಿಂದೆ ಸಿಬ್ಬಂದಿಯೊಬ್ಬ. ಹುಬ್ಬಿನ ಮೇಲೆಲ್ಲ ಹಿಮ.

ಕೋಪ ಬಂದಾಗ ಮಾತ್ರ ಅವಳ ಬಾಯಲ್ಲಿ ಕರಾವಳಿಯ ಕನ್ನಡ ಬರುತ್ತಿತ್ತು. "ಮೇಲೆ ಹೋಗಿ ಕೆಳಗೆ ನೋಡಿದೆ, ಕಾಲೇ ಏಳ್ಲಿಲ್ಲ," ಅಂದಳು. "ನೀನೆಂತಕ್ಕೆ ಹೋಗು ಅಂದದ್ದು? ಒಂದು ಸಲ ಆದ್ರೂ ಹೋಗ್ಬೇಡ ಹೇಳ್ಬಹುದಿತ್ತಲ್ಲ ಮಾರಾಯ್ತಿ."

ಅವಳು ಹೇಳುತ್ತಿರುವುದು ಈ ಬೆಟ್ಟದ ಮಾತಲ್ಲವೆಂದು ತಿಳಿಯಿತು.

"ಹೇಳಿದ್ರೆ ನಿಂತ್ಬಿಡ್ತಿದ್ಯಾ?" ಎಂದು ಕೇಳಿದೆ.

"ಇಲ್ಲ," ಅಂದಳು. "ಆದ್ರೂ ಯಾರಾದ್ರೂ ಒಬ್ರು ಹೇಳ್ಬೇಕಿತ್ತು. ಎಲ್ರೂ ಕಂಗ್ರಾಟ್ಸ್ ಅಂತಾರೆ."

ಸಿಬ್ಬಂದಿಯವನು ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ನಿಂತ. ನಾನು ಅವಳ ಟೋಪಿಯ ಮೇಲಿನ ಹಿಮ ಕೊಡವಿದೆ. "ಹೋಗ್ಬೇಡ ಕಣೇ," ಅಂದೆ. ಎರಡು ತಿಂಗಳಿನಿಂದ ಹೇಳದೆ ಇಟ್ಟುಕೊಂಡಿದ್ದ ಮಾತು ಬಲು ಸಣ್ಣ ಸ್ವರದಲ್ಲಿ ಹೊರಬಂತು. ಅವಳು ಸ್ಕೀಗಳನ್ನು ಹಿಮಕ್ಕೆ ಬೀಳಿಸಿ ನನ್ನ ಭುಜಕ್ಕೆ ಮುಖ ಒತ್ತಿ ಅತ್ತಳು. ನಾನೂ ಅತ್ತೆ.

ಭಾನುವಾರ ಬೆಳಿಗ್ಗೆ ಆರೂವರೆಗೆ ವಾಪಸು ಬಸ್ಸು. ಇಡೀ ದಾರಿ ಅವಳು ಹೋಗುವ ಊರಿನ ಬಗ್ಗೆ ನಾನೇ ಕೇಳಿದೆ. ಅಲ್ಲಿ ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲೆಯಂತೆ, ಅವಳಿಗೆ ಅದೇ ಹೆದರಿಕೆ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಸಂಜೆಯ ಬಿಸಿಲಿತ್ತು. ಬಾಗಿಲು ದಾಟಿದ್ದೇ ಒದ್ದೆ ಟವೆಲಿನಂಥ ಹವೆ ಮೈಗೆ ಅಂಟಿತು.

ನಮ್ಮ ಬ್ಲಾಕಿನ ಲಿಫ್ಟಿನಲ್ಲಿ ಇಬ್ಬರೂ ಸೂಟ್‌ಕೇಸುಗಳ ನಡುವೆ ಇಕ್ಕಟ್ಟಾಗಿ ನಿಂತೆವು. ನನ್ನದು ಐದನೇ ಮಹಡಿ, ಅವಳದು ಹನ್ನೊಂದು. ಸಾಮಾನು ಕಟ್ಟಲು ರಟ್ಟಿನ ಪೆಟ್ಟಿಗೆಗಳು ಬಂದ ಮೇಲೆ ನಾನು ಅವಳ ಮನೆಗೆ ಕಾಲಿಟ್ಟಿರಲಿಲ್ಲ. ಐದರಲ್ಲಿ ಬಾಗಿಲು ತೆರೆಯಿತು. ಆಚೆ ನನ್ನ ಮನೆಯಿಂದ ಒಗ್ಗರಣೆಯ ಪರಿಮಳ ಬರುತ್ತಿತ್ತು. ನಾನು ಇಳಿಯಲಿಲ್ಲ. ಅಡುಗೆಮನೆ ಸಾಮಾನು ಕಟ್ಟಿದ್ದಾಯಿತಾ ಎಂದು ಕೇಳಿದೆ. ಇನ್ನೂ ಮುಟ್ಟೇ ಇಲ್ಲ ಅಂದಳು. ಬಾಗಿಲು ಮುಚ್ಚಿಕೊಂಡಿತು, ಲಿಫ್ಟು ಮೇಲಕ್ಕೆ ಹೊರಟಿತು.