ಇಪ್ಪತ್ತು ಡಿಗ್ರಿಯ ಕೋಣೆ

ಅಪ್ಪ ರಾಯಚೂರಿನಲ್ಲಿ ಲೇತ್ ಅಂಗಡಿ ಇಟ್ಟಿದ್ದರು. ಸುತ್ತಲಿನ ಅಕ್ಕಿ ಗಿರಣಿಗಳ ಶಾಫ್ಟು, ಪುಲ್ಲಿ ಸವೆದರೆ ನಮ್ಮಲ್ಲಿಗೇ ಬರುತ್ತಿದ್ದವು. ಅಪ್ಪ ತೀರಿಕೊಂಡ ಮೇಲೆ ಡಿಪ್ಲೊಮಾ ಮುಗಿಸಿದ್ದ ನಾನೇ ಅಂಗಡಿ ನಡೆಸತೊಡಗಿದೆ. ಹೆಣ್ಣುಮಗಳು ಲೇತ್ ಮುಂದೆ ನಿಲ್ಲುವುದನ್ನು ನೋಡಲೆಂದೇ ಕೆಲವರು ಬಂದರು. ಕೆಲಸ ಹಿಡಿಸಿ ಮತ್ತೆ ಬಂದರು.

ಡಿಪ್ಲೊಮಾದಲ್ಲಿ ನನ್ನ ಜೊತೆಗಿದ್ದವಳೊಬ್ಬಳು ಬೆಂಗಳೂರಿನಲ್ಲಿ ವಿಮಾನದ ಸೀಟು ತಯಾರಿಸುವ ಕಂಪನಿಯಲ್ಲಿದ್ದಳು. ಸಣ್ಣ ಊರುಗಳ ವರ್ಕ್‌ಶಾಪುಗಳಿಂದ ಬಿಡಿಭಾಗ ಮಾಡಿಸುವ ಯೋಚನೆ ಕಂಪನಿಗಿದೆ ಎಂದು ಅವಳು ಫೋನು ಮಾಡಿದಾಗ ನಾನು ನಕ್ಕುಬಿಟ್ಟೆ. ಅವರಿಗೆ ಬೇಕಾಗಿದ್ದದ್ದು ಸೀಟಿನ ಕೈಯಾಸರೆ ಮೇಲೆ ಕೆಳಗೆ ಆಡುವ ಜಾಗಕ್ಕೆ ಕೂರುವ ಅಲ್ಯುಮಿನಿಯಂ ಬುಷ್, ಹೆಬ್ಬೆರಳಿನಷ್ಟು ದೊಡ್ಡ ಟೊಳ್ಳು ಕೊಳವೆ. ನಕ್ಷೆ ಬಂದ ಮೇಲೆ ನಗು ನಿಂತಿತು. ಇದು ನಮ್ಮ ಕೈಲಾಗದ ಕೆಲಸವೇನಲ್ಲ ಅನ್ನಿಸಿತು.

ಆದರೆ ಅದಕ್ಕೆ ಕಂಪ್ಯೂಟರಿನಿಂದ ನಡೆಯುವ ಯಂತ್ರ ಬೇಕು. ಅಪ್ಪನ ಕಾಲದಿಂದ ನಮ್ಮ ಗಿರಾಕಿಯಾಗಿದ್ದ ಮಾನ್ವಿಯ ಗಿರಣಿ ಸಾಹುಕಾರರ ಬಳಿ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಇದಕ್ಕ ನೀ ಒಬ್ಬಾಕಿ ಸಾಕೇನು?"

"ಸಾಲಂಗಿಲ್ರಿ."

"ಹಂಗಾದ್ರ ದೇವದುರ್ಗದಾಂವನ್ನ ಕರಿ. ಇಬ್ಬರೂ ಕೂಡಿದ್ರ ನಾ ರೊಕ್ಕ ಹಾಕ್ತೀನಿ."

ಸಾಹುಕಾರರು ಹೇಳಿದ್ದು ಅಪ್ಪನ ಕೈಕೆಳಗೆ ಕೆಲಸ ಕಲಿತ ಒಬ್ಬರನ್ನು. ಚಿಕ್ಕಂದಿನಲ್ಲಿ ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ತಮ್ಮೂರಿನಲ್ಲಿ ಸ್ವಂತ ಅಂಗಡಿ ತೆರೆದಾಗ ಆ ಕಡೆಯ ಗಿರಾಕಿಗಳೆಲ್ಲ ಅವರ ಹಿಂದೆ ಹೋದರು. ಅಪ್ಪ ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಮಾತು ನಿಂತುಹೋಯಿತು.

ನಾನು ಹೋದಾಗ ಕಾಕಾ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದರು. ಎದ್ದು ಕೈ ತೊಳೆದು, ಇದ್ದ ಒಂದೇ ಕುರ್ಚಿಯನ್ನು ಟವೆಲಿನಿಂದ ಒರೆಸಿ ನನಗೆ ಕೊಟ್ಟರು. ನಕ್ಷೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ವಿಮಾನದ್ದಾ? ನಾಳೆ ಏನರ ಆದ್ರ ಯಾರು ಹೊಣಿ?"

"ಕೈ ಇಡೋ ಜಾಗದ್ದು ಕಾಕಾ. ಅದಕ್ಕೇನಾಗ್ತದ."

ಅವರು ನಕ್ಕರು. "ನಿಮ್ಮಪ್ಪ ಇದ್ದಿದ್ರ ನನ್ನ ಕಡಿ ಕಳಸ್ತಿದ್ದಿಲ್ಲ" ಎಂದರು. ಆಮೇಲೆ ಚಹಾ ತರಿಸಿದರು.

ಯಂತ್ರ ನಮ್ಮ ಶೆಡ್ಡಿಗೆ ಬಂತು. ದೇವದುರ್ಗದಲ್ಲಿ ಕಾಕಾ ಸರಳುಗಳನ್ನು ತುಂಡು ಮಾಡಿ ಒರಟಾಗಿ ಕೊರೆದು ಕಳಿಸುವುದು, ರಾಯಚೂರಿನಲ್ಲಿ ನಾನು ಅಂತಿಮ ಅಳತೆಗೆ ತರುವುದು. ಮೊದಲ ಮಾದರಿಗಳನ್ನು ಎರಡೆರಡು ಸಲ ಅಳೆದು ಕಳಿಸಿದೆವು. ಅಷ್ಟೂ ವಾಪಸು ಬಂದವು. ಎಲ್ಲವೂ ಕೂದಲೆಳೆಯಷ್ಟು ಸಣ್ಣ.

ಕಾಕಾ ನನ್ನ ಯಂತ್ರವನ್ನು ದೂರಿದರು, ನಾನು ಅವರ ಕೊರೆತವನ್ನು. ಸಾಹುಕಾರರು ನಡುವೆ ಕೂತು ಇಬ್ಬರ ಮುಖವನ್ನೂ ನೋಡುತ್ತಿದ್ದರು. ಒಂದು ವಾರ ನನ್ನ ಮತ್ತು ಕಾಕಾನ ನಡುವೆ ಫೋನೂ ಇಲ್ಲ.

ಕಡೆಗೆ ಕಂಪನಿಯಿಂದ ಗುಣಮಟ್ಟ ನೋಡುವ ಅಧಿಕಾರಿಯೊಬ್ಬರು ಬಂದರು. ಮೇ ತಿಂಗಳ ಮಧ್ಯಾಹ್ನ. ಅವರ ಅಂಗಿ ಬೆನ್ನಿಗೆ ಅಂಟಿತ್ತು. "ಅಳತೆ ಎಲ್ಲಿ ಮಾಡ್ತೀರಿ?" ಎಂದರು. ತಗಡಿನ ಕೆಳಗಿದ್ದ ಕಬ್ಬಿಣದ ಮೇಜು ತೋರಿಸಿದೆವು. ಅದರ ಮೇಲೆ ಅಂಗೈ ಇಟ್ಟವರು ತಕ್ಷಣ ಹಿಂದೆಳೆದುಕೊಂಡರು.

"ಬಿಸಿಗೆ ಲೋಹ ಹಿಗ್ಗುತ್ತೆ ಮೇಡಂ. ಇಲ್ಲಿ ಸರಿ ಇದ್ದದ್ದು ನಮ್ಮಲ್ಲಿ ತಂಪಿಗೆ ಕುಗ್ಗಿರುತ್ತೆ. ನಿಮಗೊಂದು ಇಪ್ಪತ್ತು ಡಿಗ್ರಿಯ ಕೋಣೆ ಬೇಕು, ಅಷ್ಟೇ."

ನಾನೂ ಓದಿದ್ದ ವಿಷಯವೇ. ಗಿರಣಿಯ ಪುಲ್ಲಿಗೆ ಅದು ಎಂದೂ ಬೇಕಾಗಿರಲಿಲ್ಲ. ಕಾಕಾನ ಕಡೆ ನೋಡಿದೆ. ತಪ್ಪು ಇಬ್ಬರದೂ ಅಲ್ಲ ಎಂದು ತಿಳಿದು ಅವರ ಮುಖ ಸಡಿಲವಾಗಿತ್ತು. "ರಾಯಚೂರು ಬಿಸಲಂದ್ರ ಸುಮ್ನೇನು" ಎಂದರು, ಅದೂ ತಮ್ಮದೇ ಆಸ್ತಿ ಎಂಬಂತೆ.

ಎಸಿ ಎಂದ ಕೂಡಲೇ ಸಾಹುಕಾರರು ತಲೆ ತುರಿಸಿಕೊಂಡರು. "ನಮ್ಮ ಮನ್ಯಾಗ ಇನ್ನೂ ಕೂಲರ್ ಅದ. ಈ ಬುಷ್ಷಿಗೆ ಎಸಿ?" ಆದರೂ ಮರುದಿನವೇ ಇಟ್ಟಿಗೆ ಇಳಿಸಿದರು. ಕರೆಂಟು ಹೋದಾಗ ಬೇಕೆಂದು ಗಿರಣಿಯ ಹಳೆಯ ಜನರೇಟರನ್ನೂ ಕಳಿಸಿದರು.

ಕೋಣೆ ಸಿದ್ಧವಾದ ಮೇಲೆ ಕೆಲಸ ನೋಡುವ ನೆಪದಲ್ಲಿ ಮಾನ್ವಿಯಿಂದ ಬಂದು, ಹೊತ್ತು ಇಳಿಯುವತನಕ ಒಳಗೇ ಕೂರುತ್ತಿದ್ದವರು ಅವರೇ. ಒಂದು ದಿನ ಕಾಕಾ ಬಾಗಿಲು ತೆರೆದು, "ಸಾವಕಾರ್ರ, ನಿಮ್ಮ ಮೈ ಕಾವಿಗೆ ಬುಷ್ ಹಿಗ್ಗಾಕತ್ತಾವ, ಹೊರಗ ಬರ್ರಿ" ಎಂದರು. ಸಾಹುಕಾರರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು ಎದ್ದುಬಂದರು. ಮೂವರೂ ನಕ್ಕೆವು.

ಎರಡನೆಯ ಸಲದ ಮಾದರಿಗಳು ಪಾಸಾದವು. ಈಗ ಕಂಪನಿಯೇ ನಮ್ಮ ಶೆಡ್ಡಿನಲ್ಲಿ ತನ್ನದೊಂದು ಯಂತ್ರ ಹೂಡಿದೆ. ಸೀಟಿನ ಇನ್ನೊಂದು ಭಾಗದ ಕೆಲಸವೂ ಬಂದಿದೆ. ಕಾಕಾ ತಮ್ಮ ಅಂಗಡಿಯನ್ನು ಅಳಿಯನಿಗೆ ಬಿಟ್ಟು, ಬೆಳಗಿನ ಬಸ್ಸಿಗೆ ರಾಯಚೂರಿಗೆ ಬರುತ್ತಾರೆ.

ಮೊನ್ನೆ ಅವ್ವ ಅವರನ್ನು ಮನೆಗೆ ಊಟಕ್ಕೆ ಕರೆದಳು. ಜೋಳದ ರೊಟ್ಟಿ, ಪುಂಡಿ ಪಲ್ಲೆ. ಕಾಕಾ ಮೊದಲು ಬಹಳ ಸಂಕೋಚದಿಂದ ಕೂತಿದ್ದರು.

"ನಮ್ಮನಿಯವ್ರು ಇದ್ದಿದ್ರ ಇವತ್ತು ಏನಂತಿದ್ರಪ್ಪಾ?" ಎಂದಳು ಅವ್ವ.

"ಬೈತಿದ್ರು, ವೈನಿ."

"ಹೌದು. ಬೈದು, ಉಣ್ಣಾಕ ಕೂಡಸ್ತಿದ್ರು."

ಕಾಕಾ ತಲೆಯಾಡಿಸಿ ಇನ್ನೊಂದು ರೊಟ್ಟಿ ಕೇಳಿದರು. ಬೆಂಗಳೂರಿಗೆ ಹೋಗುವ ಪೆಟ್ಟಿಗೆಗಳನ್ನು ಸಂಜೆಯೊಳಗೆ ಕಟ್ಟಬೇಕಿತ್ತು. ಆದರೂ ಆವತ್ತು ಯಾರೂ ಅವಸರ ಮಾಡಲಿಲ್ಲ.