ಖಾಲಿ ಮನೆಗಳ ಬೀಗದಕ್ಕ

ಕಿಟಕಿ ತೆರೆದ ಕೂಲಿ ಬೀಗದಕ್ಕನಿಗೆ ಇನ್ನೂ ಸಂದಿಲ್ಲ. ಊರು ಬಿಟ್ಟವರೆಲ್ಲ ಹೊರಡುವ ದಿನ ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟು, ವಾರಕ್ಕೊಮ್ಮೆ ಬಾಗಿಲು ತೆಗೆದು ಗಾಳಿಯಾಡಿಸು, ತಿಂಗಳಿಗಿಷ್ಟು ಅಂತ ಕಳಿಸುತ್ತೇವೆ ಎಂದಿದ್ದರು. ಮೊದಮೊದಲು ಕಳಿಸಿದರು. ಆಮೇಲೆ ಫೋನು ಮಾಡಿ ಹೇಗಿದ್ದೀಯ ಅಂತ ಕೇಳಿದರು. ಈಗ ಅದೂ ಇಲ್ಲ. ಬಾಯಿಮಾತಿನ ಕೂಲಿ ಬಾಯಲ್ಲೇ ಆರಿಹೋಯಿತು.

ಆದರೂ ಅವಳು ಕೆಲಸ ಬಿಟ್ಟಿಲ್ಲ. ಅಡುಗೆಮನೆಯ ಗೋಡೆಗೆ ಮೊಳೆಗಳ ಸಾಲು, ಮೊಳೆಗೊಂದು ಕೀಲಿಕೈ. ಯಾವುದು ಯಾರದೆಂದು ತಿಳಿಯಲು ಆಯಾ ಮನೆಯ ಹಳೇ ಪರದೆಯ ಚೂರೊಂದನ್ನು ಕಟ್ಟಿದ್ದಾಳೆ. ಮಳೆಗೆ ಉಬ್ಬಿದ ಬಾಗಿಲನ್ನು ಹೆಗಲಿನಿಂದ ದೂಡಬೇಕು, ಚಿಲಕಕ್ಕೆ ಸೋಪು ಉಜ್ಜಬೇಕು. ನಲ್ಲಿ ತಿರುವಿದರೆ ಮೊದಲು ಕೆಮ್ಮುತ್ತದೆ, ಆಮೇಲೆ ತುಕ್ಕಿನ ಕೆಂಪು ನೀರು ಉಗುಳುತ್ತದೆ. ಹಾಸಿಗೆಗಳನ್ನು ಎತ್ತಿ ಗೋಡೆಗೆ ಒರಗಿಸಿ, ಮೂಲೆಯ ಗೆದ್ದಲನ್ನು ಪೊರಕೆ ಕಡ್ಡಿಯಿಂದ ಕೆರೆದು, ಹೊರಡುವ ಮುಂಚೆ ಕುರ್ಚಿಯ ಮೇಲೆ ಒಂದು ಗಳಿಗೆ ಕೂರುತ್ತಾಳೆ. ಯಾರೂ ಕೂರದ ಕುರ್ಚಿ ಬೇಗ ಲಡ್ಡಾಗುತ್ತದೆ ಎಂದು ಅವಳ ನಂಬಿಕೆ.

ಮನೆಗೆ ಬಂದರೆ ಮಂಚದ ಮೇಲಿಂದ ಗಂಡನ ಕುಹಕ ಕಾದಿರುತ್ತದೆ.

“ಊರ ಮನೆಗಳಿಗೆಲ್ಲ ಗಾಳಿ ಆಡಿಸ್ತೀಯ. ನನ್ನೆದೆಗೂ ಒಂದು ಕಿಟಕಿ ಇಡಿಸ್ಬಾರ್ದೇನೆ?”

“ಇಡಿಸ್ತಿದ್ದೆ. ಒಳಗೆ ಬರೀ ಕಲ್ಲು ತುಂಬ್ಕೊಂಡಿದೀರಲ್ಲ.”

ಸುಳ್ಳೇನಲ್ಲ. ಅವನು ಕಲ್ಲುಗಣಿಯಲ್ಲಿ ಬಂಡೆ ಸೀಳುತ್ತಿದ್ದವನು. ಆ ಧೂಳು ಎದೆಯಲ್ಲಿ ಕೂತಿದೆ. ಮಂಚದ ಪಕ್ಕ ಆಮ್ಲಜನಕದ ಸಿಲಿಂಡರು ನಿಂತಿದೆ, ಸವತಿಯ ಹಾಗೆ ಎಂದು ಅವಳೇ ನಗುತ್ತಾಳೆ. ಈ ಸವತಿ ಖಾಲಿಯಾದರೆ ಆಸ್ಪತ್ರೆಗೆ ಓಡಬೇಕು.

ಆಸ್ಪತ್ರೆಯ ಕತೆ ಕೇಳಿ. ಊರ ಬುಡದಲ್ಲಿ ಹೊಳೆ. ಹೊಳೆಯೇ ಗಡಿ, ಆಚೆ ದಡ ಬೇರೆ ದೇಶ. ಆಚೆಯೂ ಇಂಥದೇ ಊರು, ಇದೇ ಮಾತು, ಇದೇ ಬೈಗುಳ. ಬೀಗದಕ್ಕನ ತಂಗಿಯನ್ನು ಕೊಟ್ಟಿದ್ದು ಅಲ್ಲಿಗೇ. ಆ ಊರು ದಾಟಿ ಗುಡ್ಡ ಇಳಿದರೆ ದೊಡ್ಡಾಸ್ಪತ್ರೆ ಸಿಗುತ್ತದೆ. ಈಚೆಯದಕ್ಕೆ ಹೋಗಬೇಕೆಂದರೆ ಎರಡು ಬಸ್ಸು, ಅರ್ಧ ದಿನ. ಸೇತುವೆಯೇನೋ ಇದೆ. ಆದರೆ ಒಂದು ಮಳೆಗಾಲದಲ್ಲಿ ಅದರ ನಡುವಿನ ಹಾಸು ಕುಸಿಯಿತು. ಈಚೆಯ ಸರ್ಕಾರ ಈಚೆಯ ಕಂಬದವರೆಗೆ ಬಣ್ಣ ಬಳಿಯಿತು, ಆಚೆಯ ಸರ್ಕಾರ ಆಚೆಯ ಕಂಬದವರೆಗೆ. ನಡುವಿನದು ಯಾರಪ್ಪನ ಮನೆಯದೂ ಅಲ್ಲ. ಎರಡು ಕಡೆಯೂ ಸರಪಳಿ ಹಾಕಿ ಕೈತೊಳೆದುಕೊಂಡರು. ಬೇಸಿಗೆಯಲ್ಲಿ ಜನ ಕುಸಿದ ಹಾಸಿನ ಮೇಲೇ ಹುಷಾರಾಗಿ ದಾಟುತ್ತಾರೆ. ಹೊಳೆ ತುಂಬಿದರೆ ಅದು ನೀರೊಳಗೆ.

ಗಣಿ ಎರಡೂ ಊರಿಗೆ ಅನ್ನ ಹಾಕಿತ್ತು. ಅದು ಮುಚ್ಚಿತು, ಜನ ಚದುರಿದರು. ಎರಡೂ ದಡದಲ್ಲಿ ಮನೆಗಳಿಗೆ ಬೀಗ ಬಿತ್ತು.

ಕೊನೆಗೊಂದು ದಿನ ಎರಡು ಸರ್ಕಾರಗಳೂ ಕೈ ಕುಲುಕಿದವು. ಗಡಿಯಲ್ಲಿ ಬರಿದಾಗುತ್ತಿರುವ ಊರುಗಳನ್ನು ಜೊತೆಗೂಡಿ ಎತ್ತಿ ನಿಲ್ಲಿಸುತ್ತೇವೆ ಎಂದವು. ಇವರಿಗೆ ಹೊಸ ಸೇತುವೆ, ಎರಡೂ ಊರು ಸುತ್ತಿ ಆಸ್ಪತ್ರೆಗೆ ಹೋಗುವ ಒಂದು ವ್ಯಾನು. ಅದಕ್ಕೂ ಮೊದಲು ಜಂಟಿ ಸಮಿತಿ ಬಂದು ಊರನ್ನು ಕಣ್ಣಾರೆ ನೋಡುತ್ತದಂತೆ. ಬೀಗದಕ್ಕನಿಗೆ ವ್ಯಾನಿನ ಸದ್ದು ಆಗಲೇ ಕೇಳತೊಡಗಿತು.

ಇಲ್ಲೇ ಎಡವಿದ್ದು. ಎಡವಿದ ಕಾಲಿಗೆ ಕಲಿಸಿಕೊಟ್ಟಿದ್ದು ಗಣಿ.

ಗಣಿಯಲ್ಲಿ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೇಸ್ತ್ರಿ ಮುಖ ನೋಡುತ್ತಿದ್ದ. ಕೆಮ್ಮಿದವನನ್ನು, ಬೆನ್ನು ಬಗ್ಗಿದವನನ್ನು ಮನೆಗೆ ಕಳಿಸುತ್ತಿದ್ದ. ಹಾಗಾಗಿ ಗಂಡಸರೆಲ್ಲ ಕೆಮ್ಮು ನುಂಗಿ ಎದೆಯುಬ್ಬಿಸಿ ನಿಲ್ಲುತ್ತಿದ್ದರು. ಬಡಕಲು ಕಂಡರೆ ಕೆಲಸ ಇಲ್ಲ, ಗಟ್ಟಿ ಕಂಡರೆ ಮಾತ್ರ ಕೂಲಿ. ಅಪ್ಪನಿಂದ ಮಗನಿಗೆ ಬಂದ ಆಸ್ತಿ ಅದೊಂದೇ. ನೋಡಲು ಸಾಹೇಬರು ಬರುತ್ತಾರೆ ಎಂದೊಡನೆ ಊರಿಗೆ ಊರೇ ಸಾಲಿನಲ್ಲಿ ನಿಂತುಬಿಟ್ಟಿತು.

ಚಹಾ ಅಂಗಡಿಯ ಮುಂದೆ ಸಭೆ ಸೇರಿತು. ಸತ್ತ ಕುದುರೆಗೆ ಯಾವನು ಲಾಳ ಕಟ್ಟಿಸ್ತಾನೆ, ಊರಲ್ಲಿ ಜೀವ ಇದೆ ಅಂತ ತೋರಿಸಿದರೆ ತಾನೇ ಸೇತುವೆ ಕೊಡೋದು ಎಂದ ಅಂಗಡಿಯವನು. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸಿ ಬೀಗದಕ್ಕನ ಕಡೆ ತಿರುಗಿದರು. ಊರಿನ ಕೀಲಿಕೈಗಳೆಲ್ಲ ಅವಳ ಗೋಡೆಯಲ್ಲಿದ್ದವು.

ಅವಳು ಮನೆಗೆ ಬಂದು, ಕೀಲಿಕೈ ಕೊಡಲೇ ಎಂದು ಗಂಡನನ್ನು ಕೇಳಿದಳು.

“ಹೆಣಕ್ಕೆ ಸಿಂಗಾರ ಮಾಡಿ ಮದ್ವೆಗೆ ಕೂರಿಸ್ತೀರಾ?” ಎಂದ. ಆಮೇಲೆ ತಾನೇ, “ಹೂಂ, ಕೊಡು. ಮೇಸ್ತ್ರಿ ಬರೋವಾಗ ಕೆಮ್ಮೋಕಾಗುತ್ತಾ,” ಎಂದ.

ಸಮಿತಿ ಬರುವ ದಿನ, ಇನ್ನೂ ಬೇಸಿಗೆ, ತಂಗಿ ಆಚೆ ಊರಿನ ದಂಡನ್ನೇ ಕಟ್ಟಿಕೊಂಡು ಹೊಳೆ ದಾಟಿ ಬಂದಳು. ಮಕ್ಕಳು, ಮುದುಕರು, ತಲೆಯ ಮೇಲೆ ಪಾತ್ರೆಯ ಗಂಟು. ಬೀಗದಕ್ಕ ಒಂದೊಂದೇ ಬಾಗಿಲು ತೆಗೆದು ಒಂದೊಂದು ಸಂಸಾರ ಹೂಡಿದಳು. ಒಲೆ ಹೊಗೆಯಾಡಿತು, ಹಗ್ಗದ ಮೇಲೆ ಒದ್ದೆ ಬಟ್ಟೆ ಬಿತ್ತು. ಯಾರದೋ ಮನೆಯಲ್ಲಿ ಯಾರದೋ ಮಗು ಯಾರದೋ ಅಜ್ಜಿಯ ಹತ್ತಿರ ಏಟು ತಿಂದು ಅತ್ತಿತು. ಬೀಗದಕ್ಕ ಬೀದಿ ನಡುವೆ ನಿಂತು ಆ ಅಳು ಕೇಳಿದಳು. ಸುಳ್ಳೆಂದು ಗೊತ್ತಿದ್ದೂ ಅವಳಿಗೆ ಸಾಕೆನಿಸಲಿಲ್ಲ.

ಸಮಿತಿಯ ಮೇಡಂ ಬೀದಿ ಸುತ್ತಿ ಬೀಗದಕ್ಕನ ಮನೆಯ ಮುಂದೆ ನಿಂತರು. ಸಿಲಿಂಡರನ್ನು ಮಂಚದ ಕೆಳಗೆ ಮಲಗಿಸಿ ಮೇಲೆ ಚಾದರ ಇಳಿಬಿಟ್ಟಿತ್ತು. ಗಂಡ ಹೊಸಿಲ ಮೇಲೆ ಎದೆಯುಬ್ಬಿಸಿ ಕೂತಿದ್ದ.

“ಹೇಗಿದೀರಿ ಯಜಮಾನ್ರೇ, ಆರೋಗ್ಯನಾ?”

“ಏನೂ ತೊಂದ್ರೆ ಇಲ್ಲ ತಾಯಿ. ಕಲ್ಲಿನ ಹಾಗಿದೀನಿ.”

ಮೇಡಂಗೆ ಸಂತೋಷವಾಯಿತು. ಅವರ ಜೀಪು ತಿರುವು ದಾಟುವವರೆಗೆ ಅವನು ಉಸಿರು ಹಿಡಿದ. ಆಮೇಲೆ ಕೆಮ್ಮಿದ ಕೆಮ್ಮಿಗೆ ತಂಗಿ ಗೋಡೆಗೆ ಮುಖ ಮಾಡಿ ನಿಂತಳು.

ಮಾರನೆಯ ವಾರ ಸಮಿತಿ ಆಚೆ ಊರಿಗೆ ಹೋಯಿತು. ಉಪಕಾರಕ್ಕೆ ಪ್ರತ್ಯುಪಕಾರ, ಈಚೆಯವರು ಆಚೆ ಹೋಗಿ ಅಲ್ಲಿನ ಖಾಲಿ ಮನೆಗಳಲ್ಲಿ ಒಲೆ ಹಚ್ಚಿದರು. ಎರಡು ದೇಶಗಳ ಸಹಕಾರ ಎಂಬುದು ನಿಜವಾಗಿ ನಡೆದಿದ್ದರೆ ಆ ಎರಡು ದಿನ ಮಾತ್ರ.

ತೀರ್ಮಾನ ಬಂತು. ಎರಡೂ ಊರುಗಳು ಜನರಿಂದ ತುಂಬಿ ಚೆನ್ನಾಗಿವೆ, ಈ ಯೋಜನೆಗೆ ಬರುವುದಿಲ್ಲ. ಸೇತುವೆಯ ದುಡ್ಡು ಬೇರೆ ಕಡೆಗೆ.

ಊರು ಬಾಯಿ ಮುಚ್ಚಿಕೊಂಡಿತು. ಬೀಗದಕ್ಕ ಮಾತ್ರ ಎರಡು ಬಸ್ಸು ಹಿಡಿದು ಕಚೇರಿಗೆ ಹೋದಳು. ನಾವು ಮಾಡಿದ್ದು ನಾಟಕ, ಮನೆಗಳೆಲ್ಲ ಖಾಲಿ, ಕೀಲಿಕೈ ನನ್ನ ಹತ್ತಿರ ಇದೆ ಎಂದು ಗೊಂಚಲನ್ನು ಮೇಜಿನ ಮೇಲೆ ಸುರಿದಳು. ಮೇಡಂ ಒಳ್ಳೆಯವರೇ, ಕೂರಿಸಿ ನೀರು ಕೊಟ್ಟರು. “ಅಮ್ಮ, ನಾನೇ ಹೊಗೆ ನೋಡಿದೀನಿ, ಮಕ್ಕಳನ್ನ ಮಾತಾಡಿಸಿದೀನಿ. ಈಗ ನೀವು ಸುಳ್ಳು ಅಂದ್ರೆ ಆಚೆ ದೇಶದವರು ಒಪ್ತಾರಾ? ಮನೆ ಯಜಮಾನರೇ ಬಾಯಾರೆ ಹೇಳಲಿ, ನಾವು ಅಲ್ಲಿಲ್ಲ, ಮನೆ ಖಾಲಿ ಅಂತ. ಆಗ ನಾನು ಈ ವಿಷಯ ಮತ್ತೆ ಎತ್ತುತ್ತೀನಿ,” ಎಂದರು.

ಇಷ್ಟೇ ತಾನೇ ಎಂದುಕೊಂಡಳು. ಕೂಲಿ ಕೊಡದಿದ್ದರೂ ಒಂದು ಮಾತು ಕೊಟ್ಟಾರು. ಮನೆಗೆ ಬಂದು ಒಂದೊಂದೇ ಪರದೆ ಚೂರು ನೋಡುತ್ತ ಒಬ್ಬೊಬ್ಬರಿಗೂ ಫೋನು ಮಾಡಿದಳು. ಹಳದಿ ಪರದೆಯವನು ಹೇಳಿದ, ಖಾಲಿ ಅಂದ್ರೆ ಖಾಲಿ ಮನೆ ತೆರಿಗೆ ಹಾಕ್ತಾರೆ ಅಕ್ಕಾ. ಹೂವಿನ ಪರದೆಯವಳ ಗಂಡನ ಮನೆಯವರು ಊರಲ್ಲಿ ತುಂಬು ಸಂಸಾರ ಇದೆ ಅಂದುಕೊಂಡಿದ್ದಾರಂತೆ, ಮರ್ಯಾದೆ ಪ್ರಶ್ನೆ. ಇನ್ನೊಬ್ಬ ಮನೆ ಮಾರಬೇಕೆಂದಿದ್ದಾನೆ, ಹಾಳೂರು ಅಂತ ತಾನೇ ಸಾರಿದರೆ ಕೊಳ್ಳುವವನು ಓಡುತ್ತಾನೆ. ಗಣಿ ಬಿಟ್ಟು ಎಷ್ಟೋ ದೂರ ಹೋದವರು, ಎದೆಯುಬ್ಬಿಸಿ ನಿಲ್ಲುವುದನ್ನು ಬಿಟ್ಟಿರಲಿಲ್ಲ. ಕಿಟಕಿ ತೆಗೀತಿದೀಯ ತಾನೇ ಎಂದು ಕೇಳುವುದನ್ನಂತೂ ಒಬ್ಬನೂ ಮರೆಯಲಿಲ್ಲ.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಸಿಲಿಂಡರು ಬರಿದಾಯಿತು. ಅಂಗಡಿಯವನೂ ಬೀಗದಕ್ಕನೂ ಅವನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಸೇತುವೆಗೆ ತಂದರು. ಆಚೆ ದಡಕ್ಕೆ ತಂಗಿ ಗಾಡಿ ತರಿಸಿ ನಿಲ್ಲಿಸಿದ್ದಳು. ಸರಪಳಿ ದಾಟಿ ನಡುವಿಗೆ ಬಂದರೆ ಹಾಸು ನೀರೊಳಗಿತ್ತು. ಅಂಗಡಿಯವನು ಒಂದು ಕಾಲಿಟ್ಟು ನೋಡಿ ಹಿಂದೆ ತೆಗೆದ. ಇತ್ತ ಅಕ್ಕ, ಅತ್ತ ತಂಗಿ. ನಡುವೆ ಒಂದು ಜೀಪಿನ ಉದ್ದದ ನೀರು. ತಂಗಿ ಏನೋ ಕೂಗಿದಳು, ಹೊಳೆಯ ಸದ್ದಿಗೆ ಕೇಳಿಸಲಿಲ್ಲ. ಗಾಡಿಯ ಬಾಗಿಲು ತೆಗೆದೇ ಇತ್ತು.

ಕುರ್ಚಿ ತಿರುಗಿಸುವಾಗ ಗಂಡ ಹೆಂಡತಿಯ ಕೈ ಹಿಡಿದುಕೊಂಡ. “ಅವತ್ತೇ ಕೆಮ್ಮಿಬಿಡಬೇಕಿತ್ತು ಕಣೇ,” ಎಂದ.

ಎರಡು ಬಸ್ಸಿನ ದಾರಿಯಲ್ಲಿ ಅವನ ಜೀವ ಹೇಗೋ ಉಳಿಯಿತು. ಈಗ ಈಚೆಯ ಆಸ್ಪತ್ರೆಯ ಕೊನೇ ಮಂಚದಲ್ಲಿದ್ದಾನೆ. ಸೇತುವೆ, ವ್ಯಾನು ಇಲ್ಲದೆ ಮನೆಗೆ ಕಳಿಸೋಕಾಗಲ್ಲ, ಇನ್ನೊಂದು ಸಲ ಹೀಗಾದರೆ ದಾರಿಯಲ್ಲೇ ಹೋಗುತ್ತಾನೆ ಎಂದಿದ್ದಾರೆ ಡಾಕ್ಟರು. ಬೀಗದಕ್ಕ ಹೋಗಿ ನೋಡಿ ಬರುತ್ತಾಳೆ. ಬಂದು ಮೊಳೆಯಿಂದ ಕೀಲಿಕೈ ತೆಗೆದು ಬೀದಿಗಿಳಿಯುತ್ತಾಳೆ. ಅವಳ ಕೈಯಲ್ಲಾಗುವುದು ಅಷ್ಟೇ.

ಉಳಿದದ್ದು ನಿಮ್ಮ ಕೈಯಲ್ಲಿದೆ. ಹೌದು, ನಿಮಗೇ ಹೇಳುತ್ತಿರುವುದು. ನೀವು ಬಿಟ್ಟುಬಂದ ಮನೆಯ ಕೀಲಿಕೈ ಇಂಥ ಯಾವುದಾದರೂ ಗೋಡೆಯ ಮೊಳೆಗೆ ನೇತಾಡುತ್ತಿದ್ದರೆ ಈ ಹಾಳೆ ಮಡಿಸಿಟ್ಟು ಫೋನು ಎತ್ತಿ. ನನ್ನ ಮನೆ ಖಾಲಿ ಇದೆ, ನಾನು ಅಲ್ಲಿಲ್ಲ ಎಂದು ಕಚೇರಿಗೆ ನಿಮ್ಮ ಬಾಯಾರೆ ಹೇಳಿ. ಮರ್ಯಾದೆ ಹೋಗುತ್ತದೆ, ಹೋಗಲಿ. ತೆರಿಗೆ ಬೀಳುತ್ತದೆ, ಕಟ್ಟಿ. ಅದಕ್ಕೂ ಮೊದಲು ಆ ಹೆಂಗಸಿನ ಕೂಲಿ ಕೊಡಿ.