ಬ್ರಾಂಚಿನ ಕಾಕನಿಗೆ ಹೇಳದೆ ಉಳಿದ ಮಾತು

ಮೊನ್ನೆ ಅಟ್ಟದಿಂದ ಹಳೆಯ ಚಾಪೆ ಇಳಿಸಲು ಹೋದಾಗ ಅದರ ಹಿಂದಿನಿಂದ ತಡ್ಪೆ ಜಾರಿ ನನ್ನ ಭುಜದ ಮೇಲೆ ಬಿತ್ತು. ನಾನೂ ಅಮ್ಮನೂ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಮೊರ ಅದು. ಅಂಚಿನ ಬೆತ್ತ ಬಿಚ್ಚಿಕೊಂಡಿತ್ತು, ಹೆಣಿಗೆಯ ಸಂದಿಯಲ್ಲಿ ಹೊಗೆಸೊಪ್ಪಿನ ಪುಡಿ ಇನ್ನೂ ಉಳಿದಿತ್ತು. ಮೂಗಿಗೆ ಹತ್ತಿ ಸೀನು ಬಂತು, ಕಣ್ಣಲ್ಲಿ ನೀರೂ ಬಂತು. ಹೊರಗೆ ರಸ್ತೆಯಲ್ಲಿ ರಿಕ್ಷಾದ ತಲೆಗೆ ಮೈಕ್ ಕಟ್ಟಿಕೊಂಡು ಪಂಚಾಯತ್ ಚುನಾವಣೆಯ ಪ್ರಚಾರ ಹೋಗುತ್ತಿತ್ತು. ಆ ವಾಸನೆ ಮತ್ತು ಆ ಗದ್ದಲ ಎರಡೂ ಒಟ್ಟಿಗೆ ಬಂದರೆ ನನಗೆ ಬ್ರಾಂಚಿನ ಕಾಕನ ನೆನಪಾಗದೆ ಇರುವುದಿಲ್ಲ...

ಅಳದಂಗಡಿಯಿಂದ ನಮ್ಮ ಊರಿಗೆ ತಿರುಗುವಲ್ಲಿ, ಬಸ್ಸು ನಿಲ್ಲುವ ಜಾಗದ ಎದುರು ಅವರ ಬೀಡಿ ಬ್ರಾಂಚು ಇತ್ತು. ಎಲೆ, ಹೊಗೆಸೊಪ್ಪು, ನೂಲು ಅಲ್ಲಿಂದ ತರುವುದು, ಕಟ್ಟಿದ ಬೀಡಿಯನ್ನು ಅಲ್ಲಿಗೇ ಒಪ್ಪಿಸುವುದು, ಇದು ನಮ್ಮ ಕಡೆಯ ಹೆಂಗಸರ ದಿನಚರಿ. ಹಿಂದೂಗಳು, ಬ್ಯಾರಿ ಮುಸ್ಲಿಮರು ಎಂದು ಆ ಜಗಲಿಯಲ್ಲಿ ಬೇರೆ ಬೇರೆ ಸಾಲು ಇರಲಿಲ್ಲ. ಬೇಗ ಬಂದವರು ಮುಂದೆ, ತಡವಾದವರು ಹಿಂದೆ, ಅಷ್ಟೆ. ಕಾಕ ತಾವೂ ಬ್ಯಾರಿಯೇ, ಎಲ್ಲರದ್ದೂ ಒಂದೊಂದೇ ಕಟ್ಟನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಸಡಿಲವಾಗಿದ್ದರೆ ಅದನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಿ, ಕಟ್ಟಿದವಳಿಗೆ ಮಾತ್ರ ಕೇಳುವ ಹಾಗೆ "ಇದೊಂದು ನಾಳೆ ಸರಿ ಮಾಡಿ ತಾ" ಎನ್ನುತ್ತಿದ್ದರು. ಹಿಂದೆ ನಿಂತವರಿಗೆ ಯಾರ ಬೀಡಿ ಹೊರಗೆ ಬಿತ್ತು ಎಂದು ತಿಳಿಯುತ್ತಲೇ ಇರಲಿಲ್ಲ.

ಗಂಡನ ಮನೆ ಬಿಟ್ಟು ಬಂದ ಮೇಲೆ, ಚಿಕ್ಕಂದಿನಲ್ಲಿ ಆಡಿದ ಆ ಜಗಲಿಗೆ ನಾನೂ ಅಮ್ಮನ ಜೊತೆ ಬೀಡಿ ಒಪ್ಪಿಸಲು ಹೋಗತೊಡಗಿದೆ. ಗಂಡನ ಮನೆ ಪುತ್ತಿಗೆಯ ಕಡೆ. ಹೊರಟ ದಿನ ನೇರ ತವರಿಗೆ ಬರದೆ, ಊದಿದ ಮುಖದಲ್ಲೇ ಮೂಡುಬಿದಿರೆಯ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು ಬಂದಿದ್ದೆ. ಊರಿಗೆ ಊರೇ ನನ್ನನ್ನು ಕಂಡರೆ ತಲೆ ಓರೆ ಮಾಡಿಕೊಂಡು "ಛೆ, ಹೀಗಾಗಬಾರದಿತ್ತು" ಎನ್ನುತ್ತಿತ್ತು. ಆ ಛೆ ನನ್ನ ಗಂಡನಿಗೋ ನನಗೋ ಎಂದು ಕೇಳಬೇಕೆನಿಸುತ್ತಿತ್ತು. ಕಾಕ ಮಾತ್ರ ಮೊದಲ ದಿನ ಮುಖ ನೋಡಿ, "ನಿನ್ನ ಹೆಸರಿಗೂ ಬೇರೆ ಎಲೆ ಕೊಡ್ಲಾ?" ಎಂದಷ್ಟೇ ಕೇಳಿದರು. ಆ ಹೊತ್ತಿಗೆ ನನಗೆ ಬೇಕಾಗಿದ್ದ ಪ್ರಶ್ನೆ ಅದೊಂದೇ.

ಮರುವರ್ಷ ಪಂಚಾಯತ್ ಚುನಾವಣೆ ಬಂತು. ನಮ್ಮ ವಾರ್ಡಿನಲ್ಲಿ ಒಂದು ಕಡೆಯಿಂದ ಕಾಕ ನಿಂತರು, ಇನ್ನೊಂದು ಕಡೆಯಿಂದ ನಿಂತವನು ನನ್ನ ಅಪ್ಪ. ಅಪ್ಪ ಡೈರಿಗೆ ಹಾಲು ಹಾಕುತ್ತ, ಸ್ವಲ್ಪ ರಬ್ಬರು ಮಾಡಿಕೊಂಡು, ಕರೆದಲ್ಲಿಗೆಲ್ಲ ಹೋಗುವ ಮನುಷ್ಯ. ಇಬ್ಬರಿಗೂ ಗೆಲ್ಲುವ ಆಸೆ ಇತ್ತು. ಕಾಕನಿಗೆ ಇನ್ನೂ ಸ್ವಲ್ಪ ಹೆಚ್ಚೇ ಇತ್ತು ಎಂದು ಕಾಣುತ್ತದೆ. ಎರಡೂ ಕಡೆಯವರ ಬೀಡಿ ಮುಟ್ಟಿದ ಕೈ ಇದು, ಎರಡೂ ಕಡೆಯವರು ವೋಟು ಕೊಟ್ಟರೆ ಸಾಕು, ಬೇರೆ ಎಂತದ್ದೂ ಬೇಡ ಎಂದು ಅಮ್ಮನ ಹತ್ತಿರ ಹೇಳಿದ್ದರಂತೆ.

ನಾಮಪತ್ರ ಹಾಕಿದ ಸಂಜೆಯೇ ಅವರು ನಮ್ಮ ಮನೆಗೆ ಬಂದರು. ನಮ್ಮಲ್ಲಿ ಹಿಂದಿನಿಂದಲೂ ಹಾಗೆ, ಎದುರು ನಿಂತವನ ಮನೆಗೆ ಮೊದಲು ಹೋಗಿಯೇ ಬೇರೆಯವರ ಮನೆಗೆ ಹೋಗುವುದು. ಅಂಗಳದಲ್ಲಿ ಚಪ್ಪಲಿ ಬಿಟ್ಟು ಜಗಲಿಯಲ್ಲಿ ಕೂತರು.

"ಈ ಮನೆಯ ವೋಟು ನನಗೆ ಇಲ್ಲ ಅಂತ ಗೊತ್ತುಂಟು. ಆದ್ರೂ ಕೇಳದೆ ಹೋದ್ರೆ ಮರ್ಯಾದೆ ಅಲ್ಲ" ಎಂದರು.

ಅಪ್ಪ ಜೋರಾಗಿ ನಕ್ಕ. "ನಾಳೆ ನಾನೂ ಬರ್ತೇನೆ ಕಾಕ, ನಿಮ್ಮ ವೋಟು ಕೇಳ್ಲಿಕ್ಕೆ."

"ಬಾ. ಮತ್ತೆ ಒಂದು ಮಾತು. ಯಾರು ಗೆದ್ರೂ ಇನ್ನೊಬ್ಬನ ಬಾಗಿಲಲ್ಲಿ ಗರ್ನಾಲು ಪಟಾಕಿ ಬಿಡುವುದು ಬೇಡ. ಆಗದಾ?"

"ಆಯ್ತು ಕಾಕ, ಎಂತಕ್ಕೆ ಅದೆಲ್ಲ" ಎಂದ ಅಪ್ಪ. ಕಾಕ ಮಜ್ಜಿಗೆ ಕುಡಿದು ಎದ್ದು ಹೋದರು. ಆ ಸಂಜೆ ಇಬ್ಬರೂ ಎಷ್ಟು ಚೆನ್ನಾಗಿದ್ದರು...

ಮಾರನೆಯ ದಿನ ಬ್ರಾಂಚಿಗೆ ಹೋದರೆ ಬೀಡಿ ನೋಡುವ ಜಾಗದಲ್ಲಿ ಕಾಕ ಇರಲಿಲ್ಲ. ಬಂಟ್ವಾಳದಿಂದ ಅವರ ಹೆಂಡತಿಯ ತಮ್ಮ ಬಂದು ಕೂತಿದ್ದರು. ಕಾಕ ಬಾಗಿಲ ಹತ್ತಿರ ನಿಂತು ಎಲ್ಲರಿಗೂ ವಿಷಯ ಹೇಳಿದರು. ವೋಟು ಮುಗಿಯುವವರೆಗೆ ಯಾರ ಬೀಡಿಯನ್ನೂ ಅವರು ಮುಟ್ಟುವುದಿಲ್ಲ. ವೋಟು ಕೇಳುವ ಕೈಯಲ್ಲೇ ಬೀಡಿ ಪಾಸು ಮಾಡಿದರೆ, ಪಾಸಾದವಳಿಗೆ ಋಣ, ಆಗದವಳಿಗೆ ಹೆದರಿಕೆ. ಎರಡೂ ಬೇಡ. ಬ್ರಾಂಚಿನ ಜಗಲಿಯಲ್ಲಿ ವೋಟಿನ ಮಾತೂ ಬೇಡ. ಹೆಂಗಸರು ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ಅವರು ಹೇಳಿದ್ದು ತುಂಬ ಸರಿ ಎನಿಸಿತು. ಬೇರೆ ಕಡೆ ಬ್ರಾಂಚಿನವರು ಚುನಾವಣೆಗೆ ನಿಂತರೆ ಹುಲ್ಲಿನಷ್ಟು ಸಡಿಲ ಬೀಡಿಯೂ ಪಾಸಾಗುತ್ತದೆ ಎಂದು ನಾವು ಕೇಳಿದ್ದೆವು.

ಆದರೆ ಆ ಭಾವಮೈದುನನ ಕೈ ಕಲ್ಲು. ಒತ್ತಿ ನೋಡಿ, ಮನಸ್ಸಿಗೆ ಬಾರದಿದ್ದರೆ ದೊಪ್ಪನೆ ಕುಕ್ಕೆಗೆ ಎಸೆಯುತ್ತಿದ್ದರು. ಜಗಲಿಯ ಕೊನೆಯವರೆಗೂ ಆ ಸದ್ದು ಕೇಳುತ್ತಿತ್ತು. ಜಾತಿ ಧರ್ಮ ನೋಡಿದ ಮನುಷ್ಯ ಅಲ್ಲ, ಸ್ವಂತ ಅಕ್ಕ ಕಟ್ಟಿದ್ದನ್ನೇ ಎಸೆದು ಮನೆಯಲ್ಲಿ ಊಟಕ್ಕೆ ಕಷ್ಟ ಮಾಡಿಕೊಂಡವರು. ಆದರೂ ಸಂಜೆಗೆ ಬಸ್ಸಿಳಿದು ಮನೆಗೆ ನಡೆಯುವ ಹೆಂಗಸರ ಬಾಯಲ್ಲಿ ಗೊಣಗಾಟ ಶುರುವಾಯಿತು.

ಪ್ರಚಾರ ಜೋರಾದ ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ಎಲೆಗಾಗಿ ಕಾಯುತ್ತಿದ್ದೆ. ಒಳಗೆ ಎಲೆಯ ಮೂಟೆಗಳ ಹಿಂದೆ ಕಾಕನ ಕಡೆಯ ಇಬ್ಬರು ಹುಡುಗರು ಮೊಬೈಲು ಹಿಡಿದು ಅವರಿಗೆ ಏನೋ ತೋರಿಸುತ್ತಿದ್ದರು. ಮಾತು ಬ್ಯಾರಿ ಭಾಷೆಯಲ್ಲಿತ್ತು. ನನಗೆ ಅರ್ಥವಾಗದು ಎಂದು ಎಣಿಸಿರಬೇಕು. ಆ ಜಗಲಿಯಲ್ಲಿ ಆಡಿ ಬೆಳೆದವಳಿಗೆ ಅರ್ಥವಾಗದೆ ಇರುತ್ತದೆಯೇ? ಠಾಣೆಯ ಬೆಂಚಿನ ಮೇಲೆ ನಾನು ಊದಿದ ಮುಖ ಇಟ್ಟುಕೊಂಡು ಕೂತಿದ್ದ ಫೋಟೋ ಅದು. ಯಾರೋ ದಾರಿಹೋಕ ತೆಗೆದದ್ದು ಹೇಗೋ ಇವರ ಕೈಗೆ ಬಂದಿತ್ತು. ಮಗಳ ಸಂಸಾರ ಸರಿ ಮಾಡಲಾಗದವ ಊರು ಸರಿ ಮಾಡುತ್ತಾನಾ ಎಂದು ಅದರ ಕೆಳಗೆ ಬರೆದು ಎಲ್ಲ ಗ್ರೂಪುಗಳಿಗೆ ಕಳಿಸುವ ಯೋಚನೆ. ಎದ್ದು ಓಡಬೇಕೆನಿಸಿತು, ಆದರೂ ಕಿವಿಗೊಟ್ಟು ಕೂತೆ.

"ಇದು ಯಾರ ಮಗಳು ಗೊತ್ತುಂಟಾ?" ಎಂದರು ಕಾಕ.

"ಎದುರು ನಿಂತವರದ್ದು ಕಾಕ, ಅದಕ್ಕೇ ಅಲ್ವಾ..."

"ಈ ಜಗಲಿಯ ಮಗಳು. ಅಳಿಸು ಅದನ್ನು. ನನ್ನೆದುರೇ ಅಳಿಸು."

"ನಿಮಗೆ ಗೆಲ್ಲುವುದು ಬೇಡವಾ?"

"ಬೇಕು ಮಾರಾಯ, ಗೆಲ್ಲಬೇಕು ಅಂತಲೇ ನಿಂತದ್ದು. ಗೆದ್ದ ಮೇಲೆ ಇವಳ ಅಪ್ಪನ ಮುಖ ನೋಡ್ಲಿಕ್ಕೆ ಉಂಟಲ್ಲ ನನಗೆ? ಇದು ಎಲ್ಲಿಯಾದ್ರೂ ಹೊರಗೆ ಬಂದ್ರೆ, ನಾನು ಚುನಾವಣೆ ಬಿಟ್ಟವ ಅಂತ ಊರಿಡೀ ಹೇಳಿ ಮನೆಯಲ್ಲಿ ಕೂರ್ತೇನೆ."

ಹುಡುಗರು ಅಳಿಸಿದರು. ಕಾಕ ಹೊರಗೆ ಬಂದವರು ನನ್ನನ್ನು ನೋಡಿದರು, ನಾನು ಎಲ್ಲ ಕೇಳಿದ್ದೇನೆ ಎಂದು ಅವರಿಗೆ ಗೊತ್ತಾಯಿತು. "ಬಿಸಿಲು ಜೋರುಂಟು, ಸ್ವಲ್ಪ ಕೂತು ಹೋಗು" ಎಂದರು. ಆ ಫೋಟೋ ಮತ್ತೆ ಎಲ್ಲೂ ಬರಲಿಲ್ಲ. ನಾನು ಇವತ್ತು ಊರಲ್ಲಿ ತಲೆ ಎತ್ತಿ ನಡೆಯುತ್ತಿದ್ದರೆ, ಅದರಲ್ಲಿ ಆ ಮಧ್ಯಾಹ್ನದ ಪಾಲು ದೊಡ್ಡದು.

ಪ್ರಚಾರ ಮುಗಿಯಲು ಬಂದಾಗ ಅಪ್ಪನ ಕಡೆಯ ಹುಡುಗರು ನಮ್ಮ ಜಗಲಿಗೆ ಬಂದು ಒಂದು ಆಡಿಯೋ ಕೇಳಿಸಿದರು. ಇನ್ನೂ ಎಲ್ಲಿಗೂ ಕಳಿಸಿರಲಿಲ್ಲ. ಗುರುತು ಸಿಗದ ಹೆಂಗಸಿನ ಸ್ವರ. "ಒಂದು ಕೈಯಲ್ಲಿ ವೋಟು ಕೇಳುವುದು, ಇನ್ನೊಂದು ಕೈಯಲ್ಲಿ ನಮ್ಮ ಬೀಡಿ ಬಿಸಾಡುವುದು. ಅವರವರದ್ದು ಪಾಸು, ನಮ್ಮದು ಮಾತ್ರ ಕುಕ್ಕೆಗೆ. ಈಗಲೇ ಹೀಗಾದ್ರೆ ಗೆದ್ದ ಮೇಲೆ ಎಂತ ಗತಿ?" ಅಪ್ಪ ಹೌದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕೂತ. ಸುಮ್ಮನಿದ್ದರೆ ಏನರ್ಥ ಎಂದು ಹುಡುಗರಿಗೆ ಗೊತ್ತಿತ್ತು.

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಅಪ್ಪ, ಅದು ಸುಳ್ಳು. ಬೀಡಿ ಎಲ್ಲರದ್ದೂ ಕುಕ್ಕೆಗೆ ಹೋಗ್ತಾ ಉಂಟು. ಕಾಕ ಕೈಯೇ ಹಾಕ್ತಾ ಇಲ್ಲ" ಎಂದೆ.

"ನಾನು ಮಾಡಿಸಿದ್ದಾ? ಹುಡುಗರು ಮಾಡಿದ್ದು."

"ನೀನು ಬೇಡ ಅಂದ್ರೆ ನಿಲ್ತದೆ."

ಆಗ ನಾನು ಫೋಟೋದ ವಿಷಯ ಹೇಳಿದೆ. ಎಲೆಯ ಮೂಟೆಯ ಹಿಂದೆ ಕೇಳಿದ್ದೆಲ್ಲ, ಒಂದೂ ಬಿಡದೆ ಹೇಳಿದೆ. ಅಪ್ಪನ ಮುಖ ಬಾಡಿತು. ಅಂಗಳದ ಕಡೆ ತಿರುಗಿ, "ವೋಟೊಂದು ಮುಗಿಯಲಿ. ನಾನೇ ಹೋಗಿ ಕಾಕನ ಹತ್ತಿರ ಮಾತಾಡ್ತೇನೆ" ಎಂದ.

ಕತ್ತಲಾಗುವಷ್ಟರಲ್ಲಿ ಆಡಿಯೋ ಊರಿಡೀ ತಿರುಗಿತು. ಅಮ್ಮ ಕಾಕನ ಬಳಿಗೆ ಓಡಿದಳು, ನಾನೂ ಹೋದೆ. "ಒಂದು ದಿನ ನೀವೇ ಕೂತು ಬೀಡಿ ನೋಡಿ ಕಾಕ, ಎಲ್ಲರ ಬಾಯಿ ಮುಚ್ಚುತ್ತದೆ" ಎಂದು ಅಮ್ಮ ಬೇಡಿಕೊಂಡಳು. ಕಾಕ ತಲೆ ಅಲ್ಲಾಡಿಸಿದರು. "ಈಗ ನಾನು ಕೂತ್ರೆ ವೋಟಿಗಾಗಿ ಪಾಸು ಮಾಡಿದ ಅಂತ ಆಗ್ತದೆ. ಹೇಳಿದ ಮೇಲೆ ಮುಗೀತು." ನನಗೆ ಅವರ ಮೇಲೂ ಸಿಟ್ಟು ಬಂತು. ಇಷ್ಟು ಶುದ್ಧ ಯಾಕಿರಬೇಕು ಮನುಷ್ಯ, ಅದೂ ಇಂಥ ಊರಲ್ಲಿ! ಅವರ ಒಳ್ಳೆಯತನವನ್ನೇ ಹಿಡಿದು ಅವರಿಗೆ ಹೊಡೆದಿದ್ದರು, ಅವರು ಅದನ್ನು ಕೈಬಿಡಲು ಒಪ್ಪಲಿಲ್ಲ.

ಅಪ್ಪ ಗೆದ್ದ. ಮೆರವಣಿಗೆ ಬ್ರಾಂಚಿನ ಎದುರು ಬಂದು ನಿಂತು ಗರ್ನಾಲು ಬಿಟ್ಟಿತಂತೆ. ಅಪ್ಪ ಹಾರ ಹಾಕಿಕೊಂಡು ಜೀಪಿನಲ್ಲೇ ಇದ್ದನಂತೆ. ಬೆಳಿಗ್ಗೆ ನಾನು ಬೀಡಿ ತೆಗೆದುಕೊಂಡು ಹೋದಾಗ ಕಾಕ ಕೈಯಲ್ಲಿ ಹಿಡಿಸೂಡಿ ಹಿಡಿದು ಕೆಂಪು ಕಾಗದದ ಚೂರುಗಳನ್ನು ಗುಡಿಸುತ್ತಿದ್ದರು. ಬೀಡಿ ನೋಡುವ ಜಾಗದಲ್ಲಿ ಭಾವಮೈದುನ ಇರಲಿಲ್ಲ, ಕಾಕನ ಹಳೆಯ ಮಣೆ ಮತ್ತೆ ಬಂದಿತ್ತು. ಜಗಲಿಯಲ್ಲಿ ನನ್ನನ್ನು ಬಿಟ್ಟರೆ ನಮ್ಮ ಕಡೆಯವರು ಒಬ್ಬರೂ ಇರಲಿಲ್ಲ. "ಅಪ್ಪನಿಗೆ ಹೇಳು, ಸಂತೋಷ ಅಂತ" ಎಂದರು. ನನ್ನ ಕಟ್ಟನ್ನು ಎರಡೆರಡು ಸಲ ಒತ್ತಿ ನೋಡಿದರು. ಅವರು ಸೋತದ್ದಕ್ಕೆ ಅಷ್ಟು ನೊಂದಿರಲಿಲ್ಲ. ತಮ್ಮ ಕೈ ಎಲ್ಲರಿಗೂ ಒಂದೇ ಎಂದು ಇಷ್ಟು ಕಾಲ ನಂಬಿದ್ದ ಹೆಂಗಸರು, ಒಂದು ಸಂಜೆಯಲ್ಲಿ ನಂಬದೆ ಹೋದರಲ್ಲ, ಅದು ಅವರನ್ನು ಮುರಿಯಿತು.

ಅಪ್ಪ ಕೆಟ್ಟ ಮೆಂಬರ್ ಆಗಲಿಲ್ಲ. ಮೇಲಿನ ಮನೆಗಳಿಗೆ ನೀರಿನ ಪೈಪು ಹಾಕಿಸಿದ, ಯಾರ ಹತ್ತಿರವೂ ಕೈ ಚಾಚಲಿಲ್ಲ. ಕಾಕನ ಮನೆಗೆ ಮಾತ್ರ ಹೋಗಲಿಲ್ಲ. ಇವತ್ತು ಸಭೆ, ನಾಳೆ ಮದುವೆ, ನಾಡಿದ್ದು ಮಳೆ. ನಾನು ನೆನಪಿಸಿದರೆ ಸಿಡುಕುತ್ತಿದ್ದ, ಆಮೇಲೆ ನಾನೂ ಬಿಟ್ಟೆ. ಬೀಡಿ ಬರುವುದು ಕಡಿಮೆಯಾಗಿ ಬ್ರಾಂಚು ಮುಚ್ಚಿತು. ಕಾಕ ಮಗಳ ಮನೆಗೆಂದು ಬಂಟ್ವಾಳಕ್ಕೆ ಹೋದರು. ಒಮ್ಮೆ ಅಲ್ಲಿ ಅಳಿಯನ ದಿನಸಿ ಅಂಗಡಿಯಲ್ಲಿ ಕೂತಿದ್ದವರನ್ನು ಕಂಡೆ. ತುಂಬ ಇಳಿದಿದ್ದರು. ಕೇಸು ಮುಗಿಯಿತಾ ಎಂದು ಕೇಳಿದರು, ಅಮ್ಮ ತೀರಿಕೊಂಡದ್ದಕ್ಕೆ ಕಣ್ಣೊರೆಸಿಕೊಂಡರು. ಹೊರಡುವಾಗ, "ಅಪ್ಪ ಈ ಕಡೆ ಬರುವುದುಂಟಾ?" ಎಂದರು. ಬರುತ್ತಾನೆ ಎಂದೆ. ಬೇರೆ ಏನು ಹೇಳಲಿ...

ಹೋದ ಮಳೆಗಾಲದಲ್ಲಿ ಕಾಕ ತೀರಿಕೊಂಡರು. ನನಗೆ ತಿಳಿದದ್ದು ಎಲ್ಲ ಮುಗಿದು ದಿನಗಳಾದ ಮೇಲೆ. ಅಪ್ಪ ಆಗ ಎದೆನೋವೆಂದು ಆಸ್ಪತ್ರೆಯಲ್ಲಿದ್ದ, ನಾನು ಅವನಿಗೆ ಹೇಳಲಿಲ್ಲ. ಅವನು ಮನೆಗೆ ಬಂದ ಮೇಲೂ ನನಗೆ ಬಾಯಿ ಬರಲಿಲ್ಲ.

ಮೊನ್ನೆ ತಡ್ಪೆ ಹಿಡಿದು ಸೀನುತ್ತ ಜಗಲಿಗೆ ಬಂದೆನಲ್ಲ, ಅಪ್ಪ ಆರಾಮ ಕುರ್ಚಿಯಲ್ಲಿ ಕೂತಿದ್ದ. ತಡ್ಪೆಯನ್ನು ಕೇಳಿ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ. ಮೈಕಿನ ರಿಕ್ಷಾ ನಮ್ಮ ತಿರುವು ದಾಟಿ, ಈಗ ಶಟರು ಎಳೆದಿರುವ ಬ್ರಾಂಚಿನ ಕಡೆಗೆ ಹೋಗುತ್ತಿತ್ತು. ಎದುರಾಳಿಯ ಹೆಂಡತಿಯ ಬಗ್ಗೆ ಏನೋ ಹಾಡು ಕಟ್ಟಿ ಹಾಕಿದ್ದರು, ದಾರಿಯಲ್ಲಿ ನಿಂತವರು ನಗುತ್ತಿದ್ದರು. ಅಪ್ಪ ಸ್ವಲ್ಪ ಹೊತ್ತು ಕೇಳಿದ. ತಡ್ಪೆಯ ಸಂದಿಯ ಪುಡಿಯನ್ನು ಬೆರಳಲ್ಲಿ ತೆಗೆದು ಮೂಸಿ ನೋಡಿದ.

"ಮಗಾ" ಎಂದ. "ಕಾಕನ ಹತ್ತಿರ ಒಂದು ಮಾತು ಹೇಳ್ಲಿಕ್ಕೆ ಬಾಕಿ ಉಂಟು. ಈ ವೋಟೊಂದು ಮುಗಿಯಲಿ, ರಿಕ್ಷಾ ಮಾಡಿಕೊಂಡು ಬಂಟ್ವಾಳಕ್ಕೆ ಹೋಗಿ ಬರುವ."

ನಾನು ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಕಾಕ ಹೋದ ಮಳೆಗಾಲದಲ್ಲೇ ತೀರಿಕೊಂಡದ್ದನ್ನು ಹೇಳಿದೆ.

ಅಪ್ಪ ತಡ್ಪೆಯ ಮೇಲೆ ಎರಡೂ ಕೈ ಊರಿದ. ದೂರದಲ್ಲಿ ಮೈಕಿನ ಹಾಡು ಮತ್ತೆ ಮೊದಲಿನಿಂದ ಶುರುವಾಯಿತು. "ನನ್ನ ಜಾಗದಲ್ಲಿ ಕಾಕ ಇದ್ದಿದ್ರೆ ಅವತ್ತೇ ಬರ್ತಿದ್ದರು" ಎಂದ, ನನಗಲ್ಲ, ಅಂಗಳಕ್ಕೆ.